ಮುಂಬಾಗಿಲು ಮುಚ್ಚಿ, ಹಿತ್ತಿಲ ಬಾಗಿಲು ತೆರೆದಿಟ್ಟವರು

ಅಡಿಕೆಯ ಧಾರಣೆ ಕುಸಿದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಒಂದು ಮಾತು ಕೇಳಿಬರುತ್ತದೆ. ಶ್ರೀಲಂಕಾದಿಂದ ಅಡಿಕೆ ಬಂತು, ನೇಪಾಳದಿಂದ ಬಂತು, ಭೂತಾನಿನಿಂದ ಬಂತು. ನೆರೆಯ ದೇಶಗಳೊಂದಿಗೆ ಮಾಡಿಕೊಂಡ ಒಪ್ಪಂದಗಳೇ ನಮ್ಮ ರೈತನ ಕುತ್ತಿಗೆಗೆ ಉರುಳಾದವು ಎಂದು. ಕಾರ್ಕಳ ತಾಲೂಕಿನಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ ಬದುಕುವ ಕುಟುಂಬಗಳಿಗೆ ಈ ಮಾತಿನಲ್ಲಿ ಸತ್ಯ ಕಾಣುವುದು ಸಹಜ. ಅದರಲ್ಲಿ ಸತ್ಯ ಇದೆ ಕೂಡಾ. ಆದರೆ ಈ ಮಾತನ್ನು ಎತ್ತಿಕೊಂಡು ರಾಜಕೀಯ ಮಾಡುವವರು ಅದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧವನ್ನು ಯಾರಾದರೂ ಹೇಳಲೇಬೇಕಾಗಿದೆ.

ಭಾರತ ಮತ್ತು ಶ್ರೀಲಂಕಾಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರಿನಲ್ಲಿ ಸಹಿ ಬಿತ್ತು. 2000ದ ಮಾರ್ಚಿನಲ್ಲಿ ಅದು ಜಾರಿಗೆ ಬಂತು. ಸಾರ್ಕ್ ರಾಷ್ಟ್ರಗಳ ಸಾಫ್ಟಾ ಒಪ್ಪಂದಕ್ಕೆ 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾಯಿತು, 2006ರಲ್ಲಿ ಜಾರಿಯಾಯಿತು. ಬೇರೆ ದೇಶಗಳ ಅಡಿಕೆಯ ಮೇಲೆ ಶೇ. 100 ಸುಂಕವಿರುವಾಗ ನೆರೆಯ ದೇಶಗಳಿಂದ ಬರುವುದಕ್ಕೆ ರಿಯಾಯಿತಿ ಇದ್ದರೆ ವ್ಯಾಪಾರಿ ಏನು ಮಾಡುತ್ತಾನೆ? ಇಂಡೋನೇಷ್ಯಾದಲ್ಲಿ ಬೆಳೆದ ಅಡಿಕೆಗೂ ವಿಯೆಟ್ನಾಮಿನಲ್ಲಿ ಬೆಳೆದ ಮೆಣಸಿಗೂ ಶ್ರೀಲಂಕಾದ ಜನ್ಮಪತ್ರ ಮಾಡಿಸಿ ತರುತ್ತಾನೆ. ಬೆಳೆಗಾರರು ವರ್ಷಗಳ ಕಾಲ ಕೂಗಿ ಹೇಳಿದ್ದು ಇದನ್ನೇ. ಕೊನೆಗೆ ಸರಕಾರವು 2017ರ ಡಿಸೆಂಬರಿನಲ್ಲಿ ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು. ಅಡಿಕೆಗೆ ಇದ್ದ 251 ರೂಪಾಯಿಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿತು. ಅದಕ್ಕೂ ಕೆಲವೇ ತಿಂಗಳ ಹಿಂದೆ, 2022ರಲ್ಲಿ, ಅದೇ ಸರಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ನೀಡಿತ್ತು ಎಂಬುದನ್ನು ಇಲ್ಲಿ ನೆನಪಿಸುವುದು ಅಪ್ರಸ್ತುತವಾಗಲಾರದು.

ಈಗ ಪ್ರಶ್ನೆ ಕೇಳೋಣ. ಸುಳ್ಳು ಪ್ರಮಾಣಪತ್ರದೊಂದಿಗೆ ಬಂದ ಸರಕನ್ನು ಖರೀದಿಸಿದವರು ಯಾರು? ಅದನ್ನು ನಮ್ಮ ಬಂದರಿನಲ್ಲಿ ಇಳಿಸಿಕೊಂಡವರು ಯಾರು? ತಪಾಸಣೆ ಮಾಡಬೇಕಾಗಿದ್ದ ಸುಂಕದ ಅಧಿಕಾರಿಗಳು ಯಾವ ದೇಶದವರು? ಆಗ್ನೇಯ ಏಷ್ಯಾದ ಅಡಿಕೆಯ ಕಳ್ಳಸಾಗಣೆಗೆ ಸಂಬಂಧಿಸಿ 2022ರಲ್ಲಿ ಜಾರಿ ನಿರ್ದೇಶನಾಲಯವು ದಾಳಿ ನಡೆಸಿದ್ದು ಕೊಲಂಬೊದಲ್ಲಿ ಅಲ್ಲ, ನಾಗ್ಪುರ ಮತ್ತು ಮುಂಬೈಗಳಲ್ಲಿ. ಸರಕಿನ ಮೂಲವನ್ನು ಆಮದುದಾರನೇ ಸಾಬೀತುಪಡಿಸಬೇಕೆಂಬ ಕಟ್ಟುನಿಟ್ಟಿನ ನಿಯಮ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಅಂದರೆ ಸಾಫ್ಟಾ ಜಾರಿಯಾಗಿ ಹದಿನಾಲ್ಕು ವರ್ಷಗಳ ಬಳಿಕ! ಅಷ್ಟೂ ವರ್ಷ ಕಾರ್ಕಳದ ರೈತನಿಗೆ ನಷ್ಟವಾದದ್ದು ನೆರೆಯ ದೇಶದ ರೈತನಿಂದಲ್ಲ. ನಮ್ಮದೇ ದೇಶದ ದಲ್ಲಾಳಿಯಿಂದ ಮತ್ತು ಆತನಿಗೆ ಕಣ್ಣು ಮುಚ್ಚಿಕೊಂಡು ದಾರಿ ಬಿಟ್ಟವರಿಂದ. ಅಂತಹ ದಲ್ಲಾಳಿ ನಮ್ಮ ಸಮುದಾಯದವನೇ ಆಗಿದ್ದರೂ ನಾವು ಇದೇ ಮಾತನ್ನು ಹೇಳುತ್ತೇವೆ.

ಅದೇ ಕಾರ್ಕಳದಲ್ಲಿ ಇನ್ನೊಂದು ನೋಟವೂ ಇದೆ. ಅಲ್ಲಿಯ ಗೇರುಬೀಜ ಕಾರ್ಖಾನೆಗಳಲ್ಲಿ ಸಾವಿರಾರು ಮಹಿಳೆಯರು ದುಡಿಯುತ್ತಾರೆ. ಬೀಡಿಯ ಬಳಿಕ ಈ ಭಾಗದ ಬಡ ಹೆಂಗಸರ ಕೈಗೆ ನಾಲ್ಕು ಕಾಸು ಕೊಟ್ಟ ಕಸುಬು ಇದು. ಅವರು ಬಿಡಿಸುವ ಬೀಜವೆಲ್ಲ ನಮ್ಮ ಗುಡ್ಡದ್ದೇ ಎಂದು ಭಾವಿಸಿದರೆ ತಪ್ಪು. ಬಹುಪಾಲು ಕಚ್ಚಾ ಬೀಜ ಬರುವುದು ಆಫ್ರಿಕಾದಿಂದ, ಹಡಗಿನಲ್ಲಿ, ಪಣಂಬೂರಿನ ಬಂದರಿಗೆ. ಆ ಆಮದು ಒಂದು ತಿಂಗಳು ನಿಂತರೆ ಕಾರ್ಖಾನೆಯ ಒಲೆ ಆರುತ್ತದೆ. ಒಂದೇ ತಾಲೂಕಿನಲ್ಲಿ ಒಂದು ಆಮದು ತೋಟದವನ ಹೊಟ್ಟೆಗೆ ಹೊಡೆಯುತ್ತದೆ, ಇನ್ನೊಂದು ಆಮದು ಕೂಲಿಯವಳ ಹೊಟ್ಟೆ ತುಂಬುತ್ತದೆ. ಆದ್ದರಿಂದ 'ಆಮದು ಬೇಡ' ಎಂಬ ಘೋಷಣೆಯಾಗಲಿ 'ಎಲ್ಲವೂ ಬರಲಿ' ಎಂಬ ಘೋಷಣೆಯಾಗಲಿ ಉಪಯೋಗಕ್ಕೆ ಬಾರದು. ಯಾವುದನ್ನು ತರಬೇಕು, ಯಾವ ನಿಯಮದಲ್ಲಿ ತರಬೇಕು, ಆ ನಿಯಮವನ್ನು ಯಾರು ಕಾಯಬೇಕು ಎಂದು ನೆರೆಯವರೊಂದಿಗೆ ಕುಳಿತು ತೀರ್ಮಾನಿಸಬೇಕು. ಆದರೆ ಕುಳಿತು ಮಾತಾಡುವ ಚಾವಡಿಗೇ ನಾವು ಬೀಗ ಜಡಿದಿದ್ದೇವೆ.

ಸಾರ್ಕ್ ಸ್ಥಾಪನೆಯಾದದ್ದು 1985ರ ಡಿಸೆಂಬರ್ 8ರಂದು, ಢಾಕಾದಲ್ಲಿ. ಅದರ ಕೊನೆಯ ಶೃಂಗಸಭೆ ನಡೆದದ್ದು 2014ರ ನವೆಂಬರಿನಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದ ಸಭೆ ಉರಿ ದಾಳಿಯ ಬಳಿಕ ರದ್ದಾಯಿತು. ಅಂದಿನಿಂದ ಒಮ್ಮೆಯೂ ಅದು ಸೇರಿಲ್ಲ. ವಿಶ್ವಬ್ಯಾಂಕು 2018ರಲ್ಲಿ ಪ್ರಕಟಿಸಿದ ವರದಿಯೊಂದು ಹೇಳುವ ಪ್ರಕಾರ ದಕ್ಷಿಣ ಏಷ್ಯಾದ ಒಟ್ಟು ವ್ಯಾಪಾರದಲ್ಲಿ ನೆರೆಹೊರೆಯ ದೇಶಗಳ ನಡುವಿನ ಪಾಲು ಸುಮಾರು ಶೇ. 5 ಮಾತ್ರ. ಆಸಿಯಾನ್ ದೇಶಗಳಲ್ಲಿ ಅದು ಸುಮಾರು ಶೇ. 25. ಭಾರತದ ಕಂಪೆನಿಯೊಂದಕ್ಕೆ ನೆರೆಯ ದೇಶದೊಂದಿಗೆ ವ್ಯವಹರಿಸುವುದಕ್ಕಿಂತ ಸಾಗರದಾಚೆಯ ಬ್ರೆಝಿಲಿನೊಂದಿಗೆ ವ್ಯವಹರಿಸುವುದು ಶೇ. 20ರಷ್ಟು ಅಗ್ಗವಂತೆ. 23 ಬಿಲಿಯನ್ ಡಾಲರಿನ ನೆರೆವ್ಯಾಪಾರ 67 ಬಿಲಿಯನ್ ಆಗಬಹುದಿತ್ತು ಎಂದೂ ಆ ವರದಿ ಲೆಕ್ಕ ಹಾಕಿದೆ. ಪಕ್ಕದ ಮನೆಯಿಂದ ಮೊಸರು ತರಲಾಗದೆ ಪಟ್ಟಣಕ್ಕೆ ಓಡುವವನ ಸ್ಥಿತಿ ನಮ್ಮದು.

ಇದಕ್ಕೆ ಬರುವ ಉತ್ತರ ನಮಗೆ ತಿಳಿದಿದೆ: ಭಯೋತ್ಪಾದನೆ. ಉರಿ, ಪುಲ್ವಾಮಾ, 2025ರ ಎಪ್ರಿಲಿನಲ್ಲಿ 26 ಮಂದಿ ಅಮಾಯಕರನ್ನು ಬಲಿ ತೆಗೆದುಕೊಂಡ ಪಹಲ್ಗಾಮ್. ಈ ಕ್ರೌರ್ಯಗಳಿಗೆ ಯಾವ ಸಮರ್ಥನೆಯೂ ಇಲ್ಲ. ಅವುಗಳ ಹಿಂದಿರುವವರಿಗೆ ಕಠಿಣ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸಾರ್ಕನ್ನು ಕುಂಟುವಂತೆ ಮಾಡುವಲ್ಲಿ ಪಾಕಿಸ್ತಾನದ ಪಾತ್ರವೂ ಸಣ್ಣದಲ್ಲ. ಕಠ್ಮಂಡುವಿನಲ್ಲಿ ಸದಸ್ಯ ದೇಶಗಳ ವಾಹನಗಳ ಮುಕ್ತ ಸಂಚಾರದ ಒಪ್ಪಂದಕ್ಕೆ ಅಡ್ಡಗಾಲು ಹಾಕಿದ್ದು ಅದೇ. ಆದರೆ ನೇಪಾಳ ಮಾಡಿದ ಅಪರಾಧವೇನು? ಮಾಲ್ದೀವ್ಸ್, ಭೂತಾನ್, ಶ್ರೀಲಂಕಾಗಳು ಮಾಡಿದ್ದೇನು? ಒಬ್ಬನೊಂದಿಗಿನ ಜಗಳಕ್ಕಾಗಿ ಇಡೀ ಕೇರಿಯ ಪಂಚಾಯತಿಯನ್ನೇ ರದ್ದುಗೊಳಿಸುವುದು ಯಾವ ರಾಜನೀತಿ? ಪಾಕಿಸ್ತಾನವಿಲ್ಲದ ಬಿಮ್‌ಸ್ಟೆಕ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, 1997ರಿಂದ ಇದೆ. 2004ರಲ್ಲಿ ಅದು ಮುಕ್ತ ವ್ಯಾಪಾರದ ಚೌಕಟ್ಟಿಗೆ ಸಹಿ ಹಾಕಿತು. ಆ ಚೌಕಟ್ಟಿನೊಳಗೆ ಚಿತ್ರ ಇನ್ನೂ ಮೂಡಿಲ್ಲ. ಬಾಂಗ್ಲಾದೇಶ, ಭೂತಾನ್, ನೇಪಾಳಗಳೊಂದಿಗೆ 2015ರಲ್ಲಿ ಆದ ವಾಹನ ಸಂಚಾರ ಒಪ್ಪಂದಕ್ಕೆ ಪಾಕಿಸ್ತಾನ ಸದಸ್ಯನೇ ಅಲ್ಲ. ಆದರೂ ಅದು ಭೂತಾನಿನ ಅನುಮೋದನೆಯಿಲ್ಲದೆ ಸೊರಗಿತು. ಹೀಗಿರುವಾಗ ಎಲ್ಲ ವೈಫಲ್ಯಗಳಿಗೂ ಒಂದೇ ಶತ್ರುವನ್ನು ತೋರಿಸುವುದು ನಮ್ಮ ಆಡಳಿತಗಾರರಿಗೆ ಅನುಕೂಲಕರವಾದ ಅಭ್ಯಾಸವಷ್ಟೆ.

ಜಗಳವಾಡಿದವರು ಒಂದಾಗಿ ಕೂರುವುದಿಲ್ಲವೇ? ಇಂಡೋನೇಷ್ಯಾ ಮತ್ತು ಮಲೇಷ್ಯಾ 1963ರಿಂದ 1966ರ ವರೆಗೆ ಸಶಸ್ತ್ರವಾಗಿ ಕಾದಾಡಿದವು. 1967ರ ಆಗಸ್ಟಿನಲ್ಲಿ ಅವೆರಡೂ ಸೇರಿ ಆಸಿಯಾನ್ ಕಟ್ಟಿದವು. ನಮ್ಮ ಮಕ್ಕಳು ದುಡಿಯುವ ಕೊಲ್ಲಿಯನ್ನೇ ನೋಡಿ. ಅಲ್ಲಿಯ ಆರು ದೇಶಗಳ ಪ್ರಜೆಗಳು ಪಾಸ್‌ಪೋರ್ಟಿಲ್ಲದೆ ಗುರುತಿನ ಚೀಟಿ ತೋರಿಸಿ ಗಡಿ ದಾಟುತ್ತಾರೆ. 2003ರಿಂದ ಅವುಗಳ ನಡುವೆ ಸುಂಕದ ಒಕ್ಕೂಟವಿದೆ. ಅವರಲ್ಲಿಯೂ ಜಗಳವಾಯಿತು. 2017ರ ಜೂನಿನಲ್ಲಿ ಕತಾರಿಗೆ ಸೌದಿ ಮತ್ತಿತರರು ದಿಗ್ಬಂಧನ ಹಾಕಿದರು. ಒಂದೇ ಧರ್ಮ, ಒಂದೇ ಭಾಷೆ ಎಂಬುದು ಆ ದಿಗ್ಬಂಧನವನ್ನು ತಡೆಯಲಿಲ್ಲ. ಆದರೆ 2021ರ ಜನವರಿಯಲ್ಲಿ ಅಲ್ ಉಲಾದಲ್ಲಿ ಮತ್ತೆ ಮೇಜಿನ ಮುಂದೆ ಕೂರಲು ಜಿಸಿಸಿ ಎಂಬ ಮೇಜೊಂದು ಇತ್ತು. ಸಂಸ್ಥೆಯೊಂದು ಉಳಿದಿದ್ದರೆ ಆಗುವ ಪ್ರಯೋಜನ ಇದು.

ಸತ್ಯ ಹೇಳಬೇಕೆಂದರೆ, ದಕ್ಷಿಣ ಏಷ್ಯಾದ ನಿಜವಾದ ಸಾಮಾನ್ಯ ಮಾರುಕಟ್ಟೆ ದಕ್ಷಿಣ ಏಷ್ಯಾದಲ್ಲಿಲ್ಲ. ಅದು ದುಬೈಯ ದೇರಾದಲ್ಲಿದೆ. ಕಾಪುವಿನ ಯುವಕ, ಲಾಹೋರಿನ ಚಾಲಕ, ಚಿತ್ತಗಾಂಗಿನ ದರ್ಜಿ, ಕಠ್ಮಂಡುವಿನ ಕಾವಲುಗಾರ ಅಲ್ಲಿ ಒಂದೇ ಕಟ್ಟಡದಲ್ಲಿ ಮಲಗುತ್ತಾರೆ, ಒಂದೇ ಹೊಟೇಲಿನಲ್ಲಿ ಉಣ್ಣುತ್ತಾರೆ. ಅಟ್ಟಾರಿಯಲ್ಲಿ ದಾಟಲಾಗದ ಭಾರತ-ಪಾಕಿಸ್ತಾನಗಳ ಸರಕು ದುಬೈಯ ಸುತ್ತುದಾರಿ ಹಿಡಿದು ದಾಟುತ್ತಾ ಬಂದದ್ದು ಎಲ್ಲರಿಗೂ ಗೊತ್ತಿರುವ ಗುಟ್ಟು. 2019ರಲ್ಲಿ ಶೇ. 200 ಸುಂಕ ಹಾಕಿದರು, 2025ರ ಮೇಯಲ್ಲಿ ಪಾಕಿಸ್ತಾನದ ಸರಕು ಮೂರನೆಯ ದೇಶದ ಮೂಲಕವೂ ಬರಬಾರದೆಂದು ನಿಷೇಧಿಸಿದರು. ಅಮೃತಸರದ ಕೂಲಿ, ಲಾರಿ ಮಾಲಕ, ಸಣ್ಣ ವ್ಯಾಪಾರಿಗಳ ಕಸುಬು ಹೋಯಿತು. ಅದೇ ಅವಧಿಯಲ್ಲಿ, ಗಡಿಯಲ್ಲಿ ನಮ್ಮ ಸೈನಿಕರನ್ನು ಕೊಂದ ಚೀನಾದಿಂದ ಆಮದು ಏರುತ್ತಲೇ ಹೋಗಿ 2024-25ರಲ್ಲಿ 113 ಬಿಲಿಯನ್ ಡಾಲರ್ ದಾಟಿತು. ಚೀನಾದ ಸರಕು ನುಗ್ಗುತ್ತದೆಂಬ ಭಯದಿಂದ 2019ರ ನವೆಂಬರಿನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಹೊರಬಂದವರು ನಾವು. ಅಂದು ಹಾಲಿನ ರೈತರ ಹಿತಕ್ಕಾಗಿ ಹೊರಬಂದದ್ದು ಸರಿಯೇ ಆಗಿತ್ತು ಎಂಬುದು ನಮ್ಮ ಅಭಿಪ್ರಾಯ. ಆದರೆ ಹೊರಬಂದ ಬಳಿಕ ಬಾಗಿಲು ಮುಚ್ಚಿದ್ದು ಯಾರಿಗೆ, ತೆರೆದದ್ದು ಯಾರಿಗೆ? ಬಲಿಷ್ಠನ ಮುಂದೆ ಮೌನ, ದುರ್ಬಲನ ಮುಂದೆ ದೇಶಭಕ್ತಿ.

ಈ ಕರಾವಳಿಗೆ ನೆರೆಯವರೊಂದಿಗಿನ ವ್ಯವಹಾರವನ್ನು ಯಾರೂ ಕಲಿಸಬೇಕಾಗಿಲ್ಲ. ಕ್ರಿ.ಶ. 1342ರ ಸುಮಾರಿಗೆ ಇಬ್ನ್ ಬತೂತಾ ಹೊನ್ನಾವರದಿಂದ ಬಸ್ರೂರು, ಬಾರ್ಕೂರುಗಳನ್ನು ಹಾದು ಮಂಗಳೂರಿಗೆ ಹೋದನು. ಬಾರ್ಕೂರನ್ನು ಆತ ಫಾಕನೂರ್ ಎಂದು ಕರೆದಿದ್ದಾನೆ. ಹಿಂದೂ ಅರಸನ ಆ ಪಟ್ಟಣದಲ್ಲಿ ಮುಸ್ಲಿಮರ ಜಮಾಅತ್ತು, ಖಾಝಿ ಮತ್ತು ಜುಮುಅ ಮಸೀದಿ ಇದ್ದುದನ್ನು ಬರೆದಿದ್ದಾನೆ. ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕಿತ್ತು, ಕೊಡದವರನ್ನು ಬೆನ್ನಟ್ಟಿ ಹಿಡಿಯುತ್ತಿದ್ದರು ಎಂದೂ ಬರೆದಿದ್ದಾನೆ. ಆದ್ದರಿಂದ ಅಂದು ಸುಂಕವೇ ಇರಲಿಲ್ಲ, ಎಲ್ಲವೂ ಸ್ವರ್ಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಆದರೆ ಅದೇ ಪಯಣಿಗ ಮುಂದೆ ಮಾಲ್ದೀವ್ಸಿನಲ್ಲಿ ಖಾಝಿಯಾದನು, ಸಿಲೋನಿಗೆ ಹೋದನು, ಬಂಗಾಳಕ್ಕೆ ಹೋದನು. ಸಾರ್ಕಿನ ಇಂದಿನ ನಕ್ಷೆಯ ಬಹುಭಾಗವನ್ನು ಒಬ್ಬ ಮನುಷ್ಯ ಒಂದೇ ಯಾತ್ರೆಯಲ್ಲಿ ಸುತ್ತಿ ಬಂದನು. ಬಸ್ರೂರು, ಬಾರ್ಕೂರುಗಳ ಅಕ್ಕಿ ಅರಬರ ಬಂದರುಗಳಿಗೆ ಹೋಗುತ್ತಿತ್ತು. ನಮ್ಮ ಪರವಾನಿಗೆ ಇಲ್ಲದೆ ಹಡಗು ಹೊರಡಬಾರದು ಎಂದು ಈ ಸಮುದ್ರಕ್ಕೆ ಬೇಲಿ ಹಾಕಿದವರು ಪೋರ್ಚುಗೀಸರು. ಆ ಚೀಟಿಗೆ ಕಾರ್ತಾಝ್ ಎಂದು ಹೆಸರು. ಚೀಟಿ ಇಲ್ಲದ ಹಡಗು, ಸರಕು ಸಮೇತ ಅವರದ್ದಾಗುತ್ತಿತ್ತು.

ಮಣಿಪಾಲವನ್ನು ನೋಡಿ. ಸರಕಾರಗಳು ಮಾಡಲಾಗದ್ದನ್ನು ಅಲ್ಲಿಯ ಶಿಕ್ಷಣ ಸಂಸ್ಥೆ ಮಾಡಿತು. 1994ರಲ್ಲಿ ನೇಪಾಳದ ಪೋಖರಾದಲ್ಲಿ, 1997ರಲ್ಲಿ ಮಲೇಷ್ಯಾದ ಮೆಲಕಾದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಮಣಿಪಾಲದ ರಸ್ತೆಗಳಲ್ಲಿ ಮಲೇಷ್ಯಾ, ನೇಪಾಳ, ಶ್ರೀಲಂಕಾಗಳ ಯುವಕ ಯುವತಿಯರನ್ನು ಕಂಡು ಉಡುಪಿಯ ಜನ ಬೆರಗಾಗುವುದನ್ನು ಎಂದೋ ಬಿಟ್ಟಿದ್ದಾರೆ. ಆದರೆ ಅದು ದುಡ್ಡಿದ್ದವರ ಸಹಕಾರ. ಪೋಖರಾದ ಬಡ ರೈತನ ಮಗನಿಗೂ ಕಾಪುವಿನ ಮೀನುಗಾರನ ಮಗಳಿಗೂ ಅದರಲ್ಲಿ ಜಾಗವಿಲ್ಲ. ಅವರಿಗಾಗಿ ಏನಾದರೂ ಮಾಡಬೇಕಾದದ್ದು ಸರಕಾರಗಳೇ. ದಿಲ್ಲಿಯಲ್ಲಿ 2010ರಲ್ಲಿ ಸಾರ್ಕ್ ರಾಷ್ಟ್ರಗಳು ಸೇರಿ ಆರಂಭಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾನಿಲಯ ಅಂತಹದೊಂದು ಪ್ರಯತ್ನ. ವೀಸಾ ಇಲ್ಲದ ಮೇಲೆ ವಿದ್ಯಾರ್ಥಿ ಬರುವುದೆಲ್ಲಿಂದ?

ಇನ್ನು ನಮ್ಮ ಊರಿನ ಮಾತು. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು. ಅಂದಿನ ಸರಕಾರ ಸದನದಲ್ಲಿ 2002ರ ನಿಯಮವೊಂದನ್ನು ತೋರಿಸಿ ಕೈತೊಳೆದುಕೊಂಡಿತು. ಕಾಪುವಿನಿಂದ ಅನತಿ ದೂರದ ಮೂಲ್ಕಿಯ ಬಪ್ಪನಾಡಿನಲ್ಲಿಯೂ ಹಾಗೆಯೇ ಆಯಿತು. ಆ ಕ್ಷೇತ್ರದ ಐತಿಹ್ಯದಲ್ಲೇ ಬಪ್ಪ ಬ್ಯಾರಿ ಎಂಬ ಹಡಗಿನ ವ್ಯಾಪಾರಿ ಇದ್ದಾನೆ! ಬಳೆ, ಆಟಿಕೆ, ಕಲ್ಲಂಗಡಿ ಮಾರುವವನ ಧರ್ಮ ನೋಡುವ ಮನಸ್ಸು ಢಾಕಾದ ಅಂಗಿಯನ್ನೂ ಕೊಲಂಬೊದ ಮೆಣಸನ್ನೂ ನೋಡುವುದು ಬೇರೆ ಹೇಗೆ? ಆ ಅಂಗಡಿಯವನನ್ನು ಹೊರಗಿಟ್ಟು ಊರಿಗಾದ ಲಾಭವೇನೆಂದು ಜಾತ್ರೆಗೆ ಬಂದ ತಾಯಂದಿರನ್ನೇ ಕೇಳಬೇಕು. ಶಂಕರಪುರದ ಮಲ್ಲಿಗೆ ಅಟ್ಟೆಗಳಲ್ಲಿ ಕಟ್ಟಿಕೊಂಡು ವಿಮಾನವೇರಿ ಕೊಲ್ಲಿಗೆ ಹೋಗುತ್ತದೆ. ಅದನ್ನು ಬೆಳೆದವನ, ಕಟ್ಟಿದವಳ, ಸಾಗಿಸಿದವನ, ಅಲ್ಲಿ ಮಾರಿದವನ ಧರ್ಮವನ್ನು ಕೇಳಿಕೊಂಡು ಕೂತರೆ ಸಂಜೆಯೊಳಗೆ ಹೂವು ಬಾಡುತ್ತದೆ.

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಬೇಕಿದೆ. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕು ಕಾರ್ಪೊರೇಶನ್ ಬ್ಯಾಂಕಾಗಿ ಬೆಳೆದು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವ ವರೆಗೆ ಎಲ್ಲ ಸಮುದಾಯಗಳ ಹಣಕ್ಕೂ ಆಸರೆಯಾಗಿತ್ತು. ಬಡ್ಡಿಯ ಬಗ್ಗೆ ನಮ್ಮ ನಿಲುವು ಬೇರೆಯೇ ಇದೆ, ಅದು ಇಲ್ಲಿಯ ಚರ್ಚೆಯಲ್ಲ. ನೂರು ವರ್ಷಗಳ ಹಿಂದೆ ಇಲ್ಲಿಯ ಮುಸ್ಲಿಮ್ ವ್ಯಾಪಾರಿಯೊಬ್ಬರಿಗೆ ಇದ್ದ ದೂರದೃಷ್ಟಿ, ಐದು ದಶಕಗಳ ಕೊಲ್ಲಿಯ ಸಂಪಾದನೆಯ ಬಳಿಕವೂ ನಮ್ಮಲ್ಲಿ ಏಕೆ ಕಾಣುತ್ತಿಲ್ಲ? ಬಂದ ಹಣ ಎರಡಂತಸ್ತಿನ ಮನೆಗೂ ಅದ್ದೂರಿ ಮದುವೆಗೂ ಹೋಯಿತು. ಗೇರುಬೀಜದ ಕಾರ್ಖಾನೆಗೋ ಮೀನು ಸಂಸ್ಕರಣೆಗೋ ಹೋದದ್ದು ಅತ್ಯಲ್ಪ. ಏಷ್ಯಾದ ಅರ್ಧ ಮಾರುಕಟ್ಟೆಯನ್ನು ಕಣ್ಣಾರೆ ಕಂಡುಬಂದವರು ಊರಿಗೆ ಮರಳಿ ಬಾಡಿಗೆಯ ಅಂಗಡಿ ಕೋಣೆ ಕಟ್ಟಿಸಿ ಕೂರುತ್ತಾರೆ.

ಉಡುಪಿ, ಕಾಪು, ಕಾರ್ಕಳಗಳನ್ನೊಳಗೊಂಡ ಲೋಕಸಭಾ ಕ್ಷೇತ್ರದ ಪ್ರತಿನಿಧಿಗಳು ಅಡಿಕೆಯ ಬಗ್ಗೆ ಮಾತನಾಡದ ಅಧಿವೇಶನವಿಲ್ಲ. ಮುಂದಿನ ಬಾರಿ ಅವರು ಸದನದಲ್ಲಿ ಎರಡು ಪ್ರಶ್ನೆ ಕೇಳಲಿ. ಕಳೆದ ಹತ್ತು ವರ್ಷಗಳಲ್ಲಿ ಶ್ರೀಲಂಕಾದಿಂದ ಬಂದ ಅಡಿಕೆ ಮತ್ತು ಮೆಣಸಿನ ಮೂಲ ಪ್ರಮಾಣಪತ್ರಗಳ ಪೈಕಿ ಎಷ್ಟನ್ನು ಕೊಲಂಬೊಗೆ ಕಳುಹಿಸಿ ಪರಿಶೀಲಿಸಲಾಯಿತು, ಸುಳ್ಳೆಂದು ಕಂಡುಬಂದವುಗಳ ಆಮದುದಾರರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಯಿತು? ಸಾರ್ಕ್ ವ್ಯಾಪಾರ ಸಚಿವರ ಸಭೆಯನ್ನಾದರೂ ಕರೆಯಲು ಸರಕಾರಕ್ಕೆ ಇರುವ ಅಡ್ಡಿಯೇನು? ಉತ್ತರ ಬಂದರೆ ಕಾರ್ಕಳದ ಬೆಳೆಗಾರರ ಸಭೆಯಲ್ಲಿ ಅವರೇ ಅದನ್ನು ಓದಿ ಹೇಳಲಿ.