ಕಾವಲುಗಾರರ ಬಡ್ತಿ ವ್ಯಾಜ್ಯ

1993ರ ಏಪ್ರಿಲ್ 1. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅಂದು ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್ ಊರಿನ ನೌಕಾ ಅಕಾಡೆಮಿಗೆ ಬರುವವರಿದ್ದರು. ಬಂದೋಬಸ್ತಿಗೆ ಹೊರಟಿದ್ದ ಸೀಕ್ರೆಟ್ ಸರ್ವಿಸ್ ಸಿಬ್ಬಂದಿ ಬೆಳಗಿನ ತಿಂಡಿಗೆಂದು ಅಲ್ಲಿನ ಡೆನ್ನೀಸ್ ಹೋಟೆಲಿಗೆ ಹೋದರು. ಬಿಳಿಯ ಸಹೋದ್ಯೋಗಿಗಳ ಮುಂದೆ ತಟ್ಟೆಗಳು ಬಂದವು. ಅವರ ಜೊತೆಯಲ್ಲೇ ಬಂದಿದ್ದ ಆರು ಮಂದಿ ಕಪ್ಪು ಅಧಿಕಾರಿಗಳ ಮುಂದೆ ಮಾತ್ರ ಮುಕ್ಕಾಲು ಗಂಟೆ ಕಳೆದರೂ ಏನೂ ಬರಲಿಲ್ಲ. ಡ್ಯೂಟಿಯ ಹೊತ್ತಾಯಿತು, ಹಸಿದುಕೊಂಡೇ ಎದ್ದು ಹೋದರು. ಅಧ್ಯಕ್ಷರ ಪ್ರಾಣ ಕಾಯುವವರಿಗೆ ಎರಡು ಮೊಟ್ಟೆ, ಬ್ರೆಡ್ಡು ಹುಟ್ಟದ ಈ ಸುದ್ದಿ ದೇಶವಿಡೀ ಹಬ್ಬಿತು. ಅವರು ದಾವೆ ಹೂಡಿದರು. ಮರುವರ್ಷ, 1994ರಲ್ಲಿ, ಹೋಟೆಲ್ ಕಂಪನಿ ಇವರದ್ದೂ ಸೇರಿ ಇಂಥ ಸಾವಿರಾರು ಗಿರಾಕಿಗಳ ದೂರುಗಳನ್ನು ಸುಮಾರು 5 ಕೋಟಿ 40 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವ್ಯಾಪಾರಸ್ಥನಿಗೆ ಹೆಸರು ಕೆಡುವ ಭಯ ಇರುತ್ತದೆ, ಗಲ್ಲಾ ಖಾಲಿಯಾಗುವ ಭಯವಂತೂ ಇದ್ದೇ ಇರುತ್ತದೆ.

ಸರ್ಕಾರಕ್ಕೆ ಅಂಥ ಭಯವಿಲ್ಲ. ಅದೇ ಸೀಕ್ರೆಟ್ ಸರ್ವಿಸ್‌ನ ಕಪ್ಪು ಅಧಿಕಾರಿಗಳು ತಮ್ಮ ಇಲಾಖೆಯ ಮೇಲೆಯೇ ಇಂಥದೊಂದು ದೂರು ಹೊತ್ತು ನಿಂತಾಗ ಏನಾಯಿತು ಎಂಬುದು ಅಷ್ಟಾಗಿ ಯಾರಿಗೂ ತಿಳಿಯದ ಕಥೆ.

ಖೋಟಾ ನೋಟು ಹಿಡಿಯಲೆಂದು 1865ರಲ್ಲಿ ಹುಟ್ಟಿದ ಈ ಸಂಸ್ಥೆ 2003ರವರೆಗೂ ಹಣಕಾಸು ಇಲಾಖೆಯ ಕೈಕೆಳಗೇ ಇತ್ತು. 2000ದ ಮೇ ತಿಂಗಳಲ್ಲಿ ಕ್ಲಿಂಟನ್ನರ ಕಾವಲು ಪಡೆಯಲ್ಲಿದ್ದ ರೇ ಮೂರ್ ಮತ್ತು ಜೊತೆಗಾರರು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹಾಕಿದರು. ದೂರು ಸರಳ. ಬಡ್ತಿಗೆ ಅರ್ಜಿ ಹಾಕಿ ಹಾಕಿ ಸಾಕಾಗಿದೆ. ಅನುಭವದಲ್ಲೂ ಅಂಕದಲ್ಲೂ ಹಿಂದಿರುವ ಬಿಳಿಯರು ಮೇಲೇರುತ್ತಿದ್ದಾರೆ. ಬಡ್ತಿಯ ನಿಯಮ ಕಾಗದದ ಮೇಲೆ ಚೆನ್ನಾಗಿಯೇ ಇದೆ, ಆದರೆ ಕೊನೆಯ ಆಯ್ಕೆ ಒಳಬಳಗದವರ ಕೈಯಲ್ಲಿದೆ. ಕಚೇರಿ ಕಂಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡ್ತಿ ತಪ್ಪಿಸುವವರು ಕಾರಣ ಬರೆಯುವುದಿಲ್ಲ. ‘ಸೂಕ್ತ’ ಎಂಬ ಒಂದೇ ಪದ ಸಾಕಾಗುತ್ತದೆ.

ಹೀಗೆ ದೂರುವುದಕ್ಕೂ ಸರ್ಕಾರಿ ನೌಕರನಿಗೆ ಹಕ್ಕು ಸಿಕ್ಕಿದ್ದು ತಡವಾಗಿಯೇ. ಉದ್ಯೋಗದಲ್ಲಿ ವರ್ಣಭೇದ ಮಾಡಕೂಡದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1964ರಲ್ಲಿ. ಖಾಸಗಿ ಕಂಪನಿಗಳಿಗೆ ಬುದ್ಧಿ ಹೇಳಿದ ಆ ಕಾನೂನಿನಡಿ ಫೆಡರಲ್ ನೌಕರ ತನ್ನ ಇಲಾಖೆಯನ್ನೇ ಕೋರ್ಟಿಗೆಳೆಯುವ ದಾರಿ ತೆರೆದದ್ದು 1972ರ ತಿದ್ದುಪಡಿಯಲ್ಲಿ. ದಾರಿಯೇನೋ ತೆರೆಯಿತು, ಗೇಟುಗಳು ಮಾತ್ರ ಬಹಳ. ಅನ್ಯಾಯವಾದ 45 ದಿನದೊಳಗೆ ಇಲಾಖೆಯ ಸಲಹೆಗಾರರನ್ನು ಕಾಣಬೇಕು. ಅಲ್ಲಿ ಬಗೆಹರಿಯದಿದ್ದರೆ 15 ದಿನದೊಳಗೆ ಲಿಖಿತ ದೂರು ಕೊಡಬೇಕು. ಆ ದೂರನ್ನು ತನಿಖೆ ಮಾಡಿಸುವವರು ಯಾರು? ಅದೇ ಇಲಾಖೆ. ಅದಕ್ಕೆ ಸಾಮಾನ್ಯವಾಗಿ 180 ದಿನಗಳ ಅವಕಾಶ. ಇದೆಲ್ಲ ದಾಟಿದ ಮೇಲೆ ನ್ಯಾಯಾಲಯದ ಮೆಟ್ಟಿಲು. ಒಂದು ದಿನ ತಪ್ಪಿದರೂ ಸರ್ಕಾರದ ವಕೀಲರು ‘ಅವಧಿ ಮೀರಿದೆ’ ಎಂದು ಎದ್ದು ನಿಲ್ಲುತ್ತಾರೆ. ಮೂರ್ ಮತ್ತು ಸಂಗಡಿಗರ ಮೊಕದ್ದಮೆಯಲ್ಲೂ ವರ್ಷಗಟ್ಟಲೆ ನಡೆದದ್ದು ಬಡ್ತಿಯ ಚರ್ಚೆಗಿಂತ ಹೆಚ್ಚಾಗಿ ಇಂಥ ಕಟ್ಟಳೆಗಳ ಚರ್ಚೆಯೇ.

ಈ ನೆಲದ ಪದ್ಧತಿಯಂತೆ ದಾವೆ ಇಲಾಖೆಯ ಮುಖ್ಯಸ್ಥರ ಹೆಸರಿನ ಮೇಲೆ ನಡೆಯುತ್ತದೆ. ಆದ್ದರಿಂದ ‘ಮೂರ್ ವಿರುದ್ಧ ಸಮ್ಮರ್ಸ್’ ಎಂದು ಶುರುವಾದ ಕಡತ ‘ಮೂರ್ ವಿರುದ್ಧ ಚೆರ್ಟಾಫ್’ ಆಯಿತು, ಆಮೇಲೆ ‘ನಪೊಲಿಟಾನೊ’ ಆಯಿತು, ಕಡೆಗೆ ‘ಜಾನ್ಸನ್’ ಆಯಿತು. ಎದುರುಗಡೆಯ ಹೆಸರು ಬದಲಾಗುತ್ತ ಹೋಯಿತು. ಮೂರ್ ಮಾತ್ರ ಮೂರ್ ಆಗಿಯೇ ಉಳಿದರು. ದಾಖಲೆಗಳನ್ನು ಒಪ್ಪಿಸಿರೆಂದರೆ ಸಂಸ್ಥೆ ಮೀನಮೇಷ ಎಣಿಸಿತು, ನ್ಯಾಯಾಲಯದಿಂದ ಒಂದಕ್ಕಿಂತ ಹೆಚ್ಚು ಬಾರಿ ಛೀಮಾರಿ ಹಾಕಿಸಿಕೊಂಡಿತು. 2008ರಲ್ಲಿ ಮೇಲಧಿಕಾರಿಗಳು ಪರಸ್ಪರ ಕಳಿಸಿಕೊಂಡಿದ್ದ ಇ-ಮೇಲ್‌ಗಳು ಹೊರಬಿದ್ದವು. ಅವುಗಳಲ್ಲಿ ಕಪ್ಪು ಜನರ ಬಗೆಗಿನ ಕೀಳು ಹಾಸ್ಯ ತುಂಬಿತ್ತು. ಅದೇ ವರ್ಷ ಮೇರಿಲ್ಯಾಂಡಿನ ತರಬೇತಿ ಕೇಂದ್ರದಲ್ಲಿ ನೇಣಿನ ಕುಣಿಕೆಯೊಂದು ನೇತಾಡುತ್ತಿದ್ದುದು ಪತ್ತೆಯಾಯಿತು. ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಂದ ಚರಿತ್ರೆ ಇರುವ ದೇಶದಲ್ಲಿ ಆ ಹಗ್ಗದ ಅರ್ಥ ಯಾರೂ ವಿವರಿಸಬೇಕಿಲ್ಲ. ಆ ವರ್ಷದ ಕೊನೆಗೆ ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದರು. ಕಪ್ಪು ಅಧ್ಯಕ್ಷರನ್ನು ಕಾಯುವ ಸಂಸ್ಥೆಯ ಕಪ್ಪು ಕಾವಲುಗಾರರ ಮೊಕದ್ದಮೆ ಮತ್ತೂ ಎಂಟು ವರ್ಷ ಎಳೆಯಿತು!

ನೂರಕ್ಕೂ ಹೆಚ್ಚು ಮಂದಿಯನ್ನು ಒಂದೇ ವರ್ಗವಾಗಿ ಪರಿಗಣಿಸಿ ಒಟ್ಟಾಗಿ ವಿಚಾರಣೆ ನಡೆಸಬಹುದೆಂದು ನ್ಯಾಯಾಲಯ ಒಪ್ಪಿದ್ದು 2013ರಲ್ಲಿ. ರಾಜಿಯಾದದ್ದು 2017ರ ಜನವರಿಯಲ್ಲಿ, ಒಬಾಮ ಅಧಿಕಾರ ಬಿಡಲು ಕೆಲವೇ ದಿನ ಇರುವಾಗ. ಒಟ್ಟು ಮೊತ್ತ 2 ಕೋಟಿ 40 ಲಕ್ಷ ಡಾಲರ್. ಮೊದಲು ದಾವೆ ಹೂಡಿದವರಿಗೆ ತಲಾ 3 ಲಕ್ಷದವರೆಗೆ. ಸರ್ಕಾರ ತಪ್ಪೊಪ್ಪಿಕೊಳ್ಳಲಿಲ್ಲ, ರಾಜಿಪತ್ರಗಳಲ್ಲಿ ಒಪ್ಪಿಕೊಳ್ಳುವ ರೂಢಿಯೂ ಇಲ್ಲ.

ಆ 3 ಲಕ್ಷ ಎಂಬ ಅಂಕಿಯನ್ನು ಕಂಡರೆ ಅಮೆರಿಕದ ಸರ್ಕಾರಿ ನೌಕರರಿಗೆ ಬೇರೊಂದು ನೆನಪೂ ಬರುತ್ತದೆ. ಮನೋವೇದನೆಗೆ ಕೊಡುವ ಪರಿಹಾರ ಒಬ್ಬರಿಗೆ 3 ಲಕ್ಷ ಡಾಲರ್ ದಾಟಕೂಡದೆಂದು 1991ರ ಕಾನೂನು ಮಿತಿ ಹಾಕಿದೆ, ಬಾಕಿ ಸಂಬಳ ಬೇರೆ. ಖಾಸಗಿ ಮಾಲೀಕನ ಮೇಲಾದರೆ ದಂಡರೂಪದ ಪರಿಹಾರವನ್ನೂ ಆ ಮಿತಿಯೊಳಗೆ ಕೇಳಬಹುದು. ಸರ್ಕಾರದ ಮೇಲೆ ಅದೂ ಇಲ್ಲ. ಪರಿಸರ ಸಂರಕ್ಷಣಾ ಸಂಸ್ಥೆಯ ಅಧಿಕಾರಿ ಮಾರ್ಷಾ ಕೋಲ್‌ಮನ್-ಅಡೆಬಾಯೊ 2000ದಲ್ಲಿ ಜನಾಂಗ ಹಾಗೂ ಲಿಂಗ ತಾರತಮ್ಯದ ಮೊಕದ್ದಮೆ ಗೆದ್ದಾಗ ಜ್ಯೂರಿ ಕೊಟ್ಟದ್ದು 6 ಲಕ್ಷ. ಈ ಮಿತಿಯಿಂದಾಗಿ ಅದು ಅರ್ಧಕ್ಕಿಳಿಯಿತು. ಜ್ಯೂರಿ ನೋವನ್ನು ಅಳೆದು ಹೇಳಿದ ಮೇಲೂ ಕತ್ತರಿ ಬಿತ್ತು. 1991ರಲ್ಲಿ ಹಾಕಿದ ಮಿತಿ, ಡಾಲರಿನ ಬೆಲೆ ಇಷ್ಟು ಕುಸಿದರೂ, ಮೇಲೇರಿಲ್ಲ.

ಇನ್ನು ಈ ದುಡ್ಡು ಎಲ್ಲಿಂದ ಬರುತ್ತದೆ? ಬಹುಕಾಲ ಇಲಾಖೆಯ ಬಜೆಟ್ಟಿನಿಂದ ಒಂದು ಕಾಸೂ ಹೋಗುತ್ತಿರಲಿಲ್ಲ. ದಾವೆ ಸೋತರೂ ರಾಜಿಯಾದರೂ ಖಜಾನೆಯ ಪ್ರತ್ಯೇಕ ನಿಧಿಯಿಂದ ಪಾವತಿ. ತಾರತಮ್ಯ ಮಾಡಿದ ಅಧಿಕಾರಿಯ ಸಂಬಳ ಹಾಗೇ, ಅವನ ಕಚೇರಿಯ ಅನುದಾನವೂ ಹಾಗೇ, ಬಿಲ್ಲು ಮಾತ್ರ ತೆರಿಗೆದಾರನಿಗೆ. ಕೋಲ್‌ಮನ್-ಅಡೆಬಾಯೊ ಗೆದ್ದು ಸುಮ್ಮನೆ ಕೂರಲಿಲ್ಲ. ಸಂಸತ್ತಿನ ಬಾಗಿಲು ತಟ್ಟಿ, ಇತರ ನೌಕರರನ್ನು ಕಟ್ಟಿಕೊಂಡು ಹೋರಾಡಿದರು. ಅದರ ಫಲವಾಗಿ 2002ರಲ್ಲಿ ‘ನೋ ಫಿಯರ್’ ಕಾನೂನು ಬಂತು. ಆ ನಿಧಿಯಿಂದ ಹೋದ ಹಣವನ್ನು ಆಯಾ ಇಲಾಖೆ ತನ್ನ ಬಜೆಟ್ಟಿನಿಂದ ತುಂಬಿಕೊಡಬೇಕು, ಎಷ್ಟು ದೂರು ಬಂದವೆಂದು ಲೆಕ್ಕ ಪ್ರಕಟಿಸಬೇಕು. ಒಳ್ಳೆಯ ಕಾನೂನೇ. ಆದರೂ ಜೇಬಿನಿಂದ ತೆರುವ ಅಧಿಕಾರಿ ಇಂದಿಗೂ ಯಾರೂ ಇಲ್ಲ.

ಹೀಗಾಗಿ ವಿಳಂಬದಿಂದ ಸರ್ಕಾರಕ್ಕೆ ನಷ್ಟವಿಲ್ಲ. ಅದರ ವಕೀಲರಿಗೆ ತಿಂಗಳ ಸಂಬಳ ಬರುತ್ತಲೇ ಇರುತ್ತದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆಯಲ್ಲಿ ಸೋಲದೆ ಸಾಯದೆ ಉಳಿಯುವ ಮೂರನೆಯವನಿದ್ದರೆ ಅವನು ಸರ್ಕಾರವೇ ಇರಬೇಕು. 2017ರ ರಾಜಿಯಲ್ಲಿ ಬಡ್ತಿಯ ಕ್ರಮವನ್ನು ತಿದ್ದುವ ಮಾತು ಸೇರಿತು. ಪತ್ರಿಕೆಗಳು ತಲೆಬರಹಕ್ಕೆ ಹಾಕಿದ್ದು ಕೋಟಿಗಳನ್ನು. ಆದರೆ ಇಂದು ಆ ಕಚೇರಿಯಲ್ಲಿ ಕೆಲಸಕ್ಕಿರುವ ಹುಡುಗನಿಗೆ ಉಪಯೋಗಕ್ಕೆ ಬರುವುದು ಆ ಒಣ ಷರತ್ತುಗಳೇ.

ದಾವೆ ಹೂಡಿದವರಿಗೆ ಅದರಿಂದ ಬಂದದ್ದು ಕಡಿಮೆ. ಸೀಕ್ರೆಟ್ ಸರ್ವಿಸ್‌ನಂಥ ಕೆಲಸದಲ್ಲಿ ನಿವೃತ್ತಿಯ ವಯಸ್ಸು ಸಾಮಾನ್ಯವಾಗಿ 57. ಸಹಿ ಹಾಕುವಾಗ 40 ವರ್ಷವಿದ್ದವನಿಗೆ ಚೆಕ್ಕು ಬರುವ ಹೊತ್ತಿಗೆ 57. ಆಗ ಬಡ್ತಿ ಕೊಡೋಣವೆಂದರೂ ಕೂರಿಸಲು ಕುರ್ಚಿಯಿಲ್ಲ. ಅಲ್ಲಿನ ಪಿಂಚಣಿಯೋ, ಸತತ ಮೂರು ವರ್ಷಗಳ ಅತಿ ಹೆಚ್ಚಿನ ಸಂಬಳದ ಸರಾಸರಿಯ ಮೇಲೆ ನಿಗದಿಯಾಗುತ್ತದೆ. ಬಾರದ ಬಡ್ತಿಯ ಸಂಬಳ ಆ ಸರಾಸರಿಯಲ್ಲಿ ಸೇರುವುದಿಲ್ಲ. ಆ ಕೊರತೆ ಪ್ರತಿ ತಿಂಗಳ ಪಿಂಚಣಿಯಲ್ಲಿ, ಬದುಕಿರುವಷ್ಟು ಕಾಲ, ಕಾಣುತ್ತಲೇ ಇರುತ್ತದೆ.