ಬೆವರು ಆರುವ ಬಟ್ಟೆ ಯಾರಿಗೆ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಬಟ್ಟೆಬರೆ ಬಗ್ಗೆ ಬರೆಯೋಕೆ ಇದೇನು ಫ್ಯಾಷನ್ ಪುಸ್ತಕವಾ ಅಂತ ಕೇಳಬೇಡಿ. ಕೆಳಜಾತಿಯವರ ಮೈಮೇಲೆ ಏನಿರಬೇಕು, ಎಷ್ಟಿರಬೇಕು ಅನ್ನೋದನ್ನ ಈ ದೇಶದಲ್ಲಿ ಬೇರೆಯವರೇ ತೀರ್ಮಾನ ಮಾಡಿಕೊಂಡು ಬಂದಿದ್ದಾರೆ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಬೇಕಾಯಿತು. 1859ರಲ್ಲಿ ರಾಜಾಜ್ಞೆ ಬಂತು. ಅದರಲ್ಲೂ ಮೇಲ್ಜಾತಿ ಹೆಂಗಸರ ಹಾಗೆ ಉಡಕೂಡದು ಅನ್ನೋ ಷರತ್ತು! 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಜಾತಿ ತೋರಿಸುವ ಉಡುಗೆ ಬಿಟ್ಟು ಮೇಲ್ಜಾತಿಯವರಂತೆಯೇ ಸೀರೆ ಉಡಿ ಎಂದು ಹೇಳಿದ್ದು ಸುಮ್ಮನೆ ಅಲ್ಲ.

ಆ ಕಾಲ ಹೋಯಿತು ಅಂದುಕೊಂಡಿದ್ದೇವೆ. ಹೋಗಿದೆಯೇ? ನಿಮ್ಮ ಊರಿನ ಬೀದಿ ಗುಡಿಸುವ ಅಕ್ಕಂದಿರನ್ನು ನೋಡಿ. ಅವರಲ್ಲಿ ಬಹುಪಾಲು ನಮ್ಮವರೇ. ಲಂಗ, ಸೀರೆ, ಅದರ ಮೇಲೊಂದು ದಪ್ಪ ಕೋಟು, ಎಷ್ಟೋ ಕಡೆ ಅದರ ಮೇಲೆ ಇನ್ನೊಂದು ಹೊಳೆಯುವ ಪಟ್ಟಿಯ ಜಾಕೆಟ್ಟು. ಬೆಳಗಿನ ಜಾವ ಹಿಡಿದ ಪೊರಕೆಯನ್ನು ಬಿಸಿಲೇರಿದ ಮೇಲೂ ಕೆಳಗಿಡುವ ಹಾಗಿಲ್ಲ. ಆ ಕೋಟು ಹೊಲಿಸುವ ಮುಂಚೆ ಅವರನ್ನು ಯಾರಾದರೂ ಒಂದು ಮಾತು ಕೇಳಿದ್ದಾರಾ? ಬಣ್ಣ ಯಾವುದು, ಬೆನ್ನ ಮೇಲೆ ಯಾರ ಹೆಸರು ಅಚ್ಚಾಗಬೇಕು, ಇಷ್ಟು ನೋಡಿ ಟೆಂಡರು ಕೊಡುತ್ತಾರೆ. ಒಳಗಿರುವ ಮೈ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದರಲ್ಲಿ ವಿಜ್ಞಾನ ಇದೆ, ನಾವು ಅದನ್ನು ಕಲಿಯಬೇಕು. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ತಣ್ಣಗಾಗುತ್ತದೆ. ಒಂದು ಗ್ರಾಂ ಬೆವರು ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಎಳೆದುಕೊಂಡು ಹೋಗುತ್ತದೆ. ಬಟ್ಟೆಗೂ ಚರ್ಮಕ್ಕೂ ನಡುವೆ ಇರುವ ಗಾಳಿ ಅಲ್ಲೇ ನಿಂತು ತೇವದಿಂದ ತುಂಬಿಹೋದರೆ ಬೆವರು ಆರೋದು ಎಲ್ಲಿಂದ? ಮೈ ಬೇಯುತ್ತದೆ, ಬೆವರುಸಾಲೆ ಏಳುತ್ತದೆ, ತೊಡೆ ಸಂದು ಕಂಕುಳಲ್ಲಿ ಹುಳುಕಡ್ಡಿ ಹತ್ತುತ್ತದೆ, ತಲೆ ಸುತ್ತುತ್ತದೆ.

ಹಾಗಾದರೆ ಎಲ್ಲರೂ ಹತ್ತಿ ಹಾಕಿಕೊಳ್ಳಿ ಅಂತ ಉಪದೇಶ ಮಾಡುವವರಿದ್ದಾರೆ. ಹತ್ತಿ ಬೆವರು ಹೀರುತ್ತದೆ ನಿಜ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ 7-8 ಪಾಲು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರು ಅರ್ಧ ಪಾಲೂ ಹಿಡಿಯುವುದಿಲ್ಲ. ಆದರೆ ನಮ್ಮ ಅಪ್ಪಂದಿರು ಟೆರಿಲಿನ್ ಶರ್ಟಿಗೆ ಯಾಕೆ ಆಸೆಪಟ್ಟರು? ಇಸ್ತ್ರಿ ಬೇಡ, ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುತ್ತೆ, ಬೇಗ ಹರಿಯಲ್ಲ. ಇರೋದೇ ಎರಡು ಜೊತೆ ಬಟ್ಟೆ ಅನ್ನುವವನಿಗೆ ಇದು ಸಣ್ಣ ಮಾತಲ್ಲ. ಅವರನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ನೂಲಿನಷ್ಟೇ ಮುಖ್ಯವಾದದ್ದು ಹೊಲಿಗೆ.

ಇದಕ್ಕೊಂದು ಒಳ್ಳೆ ಸಾಕ್ಷಿ ಇದೆ. ಮರುಭೂಮಿಯ ಬೆದೂಯಿನ್ ಜನ ಉರಿಬಿಸಿಲಲ್ಲೂ ಕಪ್ಪು ನಿಲುವಂಗಿ ತೊಡುತ್ತಾರೆ. ಯಾಕೆ ಅಂತ ವಿಜ್ಞಾನಿಗಳು ನೆಗೆವ್ ಮರುಭೂಮಿಯಲ್ಲಿ ಪರೀಕ್ಷೆ ಮಾಡಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಬಿಳಿಗಿಂತ ಹೆಚ್ಚು ಬಿಸಿಲು ಹೀರಿದ್ದು ನಿಜ, ಆದರೆ ಆ ಹೆಚ್ಚಿನ ಬಿಸಿ ಚರ್ಮ ಮುಟ್ಟಲೇ ಇಲ್ಲ. ಅಂಗಿ ಸಡಿಲವಾಗಿತ್ತು, ಒಳಗೆ ಗಾಳಿ ಓಡಾಡುತ್ತಿತ್ತು. ಅಡುಗೆಮನೆ ಹೊಗೆಗೂಡಿನ ಲೆಕ್ಕವೇ ಇದು: ಬಿಸಿಗಾಳಿ ಮೇಲಿಂದ ಹೋಗಬೇಕು, ಹೊಸ ಗಾಳಿ ಕೆಳಗಿಂದ ಬರಬೇಕು. ನಡೆಯುವಾಗ ಸಡಿಲ ಬಟ್ಟೆ ಕಮ್ಮಾರನ ತಿದಿಯಂತೆ ಗಾಳಿ ಊದುತ್ತದೆ. ಜುಬ್ಬದ ಎರಡೂ ಪಕ್ಕದ ಸೀಳು ಇರೋದು ಅಂದಕ್ಕೆ ಮಾತ್ರ ಅಲ್ಲ.

ಜಪಾನಿನಲ್ಲಿ ಸೋನಿ ಕಂಪನಿಯ ಮಾಜಿ ಎಂಜಿನಿಯರ್ ಇಚಿಗಾಯ ಹಿರೋಷಿ ಜಾಕೆಟ್ಟಿನ ಬೆನ್ನ ಕೆಳಗೆ ಎರಡು ಪುಟ್ಟ ಫ್ಯಾನು ಕೂರಿಸಿದರು. ಗಾಳಿ ಅಲ್ಲಿಂದ ಒಳಗೆ, ಕತ್ತು ತೋಳಿನಿಂದ ಹೊರಗೆ. ಇವತ್ತು ಅಲ್ಲಿನ ಕಟ್ಟಡ ಕೆಲಸದವರು ಅದನ್ನು ತೊಡುತ್ತಾರೆ. ನಮ್ಮವರಿಗೆ ಫ್ಯಾನು ಬೇಡ ಸ್ವಾಮಿ, ಒಂದು ಸೀಳು ಕೊಡಿ ಸಾಕು!

ಕೇಳಬೇಕಾದದ್ದು ಇಷ್ಟೇ:

1) ಕೋಟಿನ ಬೆನ್ನಿನ ಮೇಲ್ಭಾಗದಲ್ಲಿ ಮಡಿಕೆ ಮರೆಯ ತೆರಪು, ಪಕ್ಕಕ್ಕೆ ಸೀಳು, ಕಂಕುಳಲ್ಲಿ ಜಾಲರಿ ಬಟ್ಟೆಯ ತುಂಡು ಇರಬೇಕು.

2) ಹೊಳೆಯುವ ಪಟ್ಟಿ ಬೇಕೇ ಬೇಕು, ವಾಹನದವರಿಗೆ ಕಾಣಲಿ. ಅದನ್ನು ಜಾಲರಿ ಬಟ್ಟೆಯ ಮೇಲೆ ಹೊಲಿಯಿರಿ, ಅಥವಾ ಕೋಟಿಗೇ ಹೊಲಿದು ಇನ್ನೊಂದು ಪದರ ತಪ್ಪಿಸಿ.

3) ಹೆಂಗಸರ ಅಳತೆ ಹೆಂಗಸರಿಂದಲೇ ತೆಗೆದುಕೊಳ್ಳಿ. ಸೊಂಟದ ಸುತ್ತ ಸೀರೆ ನೆರಿಗೆಯೂ ಇರುತ್ತದೆ ಅನ್ನೋದು ನೆನಪಿರಲಿ.

4) ಬಟ್ಟೆಯಲ್ಲಿ ಗಾಳಿ ಎಷ್ಟು ಹಾಯುತ್ತದೆ ಅಂತ ಅಳೆಯುವ ಪರೀಕ್ಷೆ ಇದೆ. ಟೆಂಡರಿನಲ್ಲಿ ಅದನ್ನೂ ಬರೆಯಿರಿ. ಮೊದಲು ಹತ್ತು ಕೋಟು ಹೊಲಿದು ತೊಡಿಸಿ, ತೊಟ್ಟವರು ಒಪ್ಪಿದ ಮೇಲೆ ಸಾವಿರ ಹೊಲಿಯಿರಿ.

ಒಂದು ಎಚ್ಚರಿಕೆ. ಈ ಮಾತೆಲ್ಲ ಬೀದಿ ಕೆಲಸಕ್ಕೆ, ಮ್ಯಾನ್‌ಹೋಲಿಗಲ್ಲ. 2013ರ ಕಾನೂನು ರಕ್ಷಣಾ ಸಾಮಗ್ರಿ ಇಲ್ಲದೆ ಗುಂಡಿಗೆ ಇಳಿಸುವುದನ್ನು ಅಪರಾಧ ಅನ್ನುತ್ತದೆ. ಇದನ್ನೇ ಹಿಡಿದುಕೊಂಡು 'ಒಳ್ಳೆ ಬಟ್ಟೆ ಕೊಟ್ಟಿದ್ದೇವೆ, ಇಳಿ' ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಗುಂಡಿಗೆ ಯಂತ್ರ ಇಳಿಯಲಿ, ಮನುಷ್ಯ ಬೇಡ. ಅದಕ್ಕೆ ಎಷ್ಟು ಚೆನ್ನಾದ ಉಡುಪು ತಂದರೂ ನಾವು ಒಪ್ಪಬಾರದು.

ಪೊರಕೆಯೇ ಬಿಡಿಸಬೇಕು, ಕೋಟು ಯಾಕೆ ಸುಧಾರಿಸಬೇಕು ಅಂತ ಕೆಲವು ಗೆಳೆಯರು ವಾದ ಮಾಡುತ್ತಾರೆ. ನಮ್ಮ ಮಕ್ಕಳ ಕೈಗೆ ಪೊರಕೆ ಬರಬಾರದು, ಆ ಹೋರಾಟ ನಡೆಯಲಿ. ಆದರೆ ಬರುವ ಏಪ್ರಿಲ್ ತಿಂಗಳ ಬಿಸಿಲು ಅದಕ್ಕಾಗಿ ಕಾಯುವುದಿಲ್ಲ. ಇವತ್ತು ಬೇಯುತ್ತಿರುವ ತಾಯಿಗೆ ಇವತ್ತೇ ಗಾಳಿ ಬೇಕು.

ನಿಮ್ಮಲ್ಲಿ ಟೆಕ್ಸ್‌ಟೈಲ್ ಓದುವವರಿದ್ದೀರಿ, ಹೊಲಿಗೆ ಗೊತ್ತಿರುವವರಿದ್ದೀರಿ. ನಿಮ್ಮ ಅಕ್ಕಂದಿರು ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊರದೇಶದವರ ಶರ್ಟಿಗೆ ದಿನವೂ ಹೊಲಿಗೆ ಹಾಕುತ್ತಾರೆ. ಕೈಕಸುಬು ನಮ್ಮಲ್ಲೇ ಇದೆ. ರಜೆಯಲ್ಲಿ ಪೌರಕಾರ್ಮಿಕರ ಕಾಲೊನಿಗೆ ಹೋಗಿ. ಕೋಟು ಎಲ್ಲಿ ಒದ್ದೆಯಾಗುತ್ತೆ, ಎಲ್ಲಿ ಉಜ್ಜುತ್ತೆ ಅಂತ ಕೇಳಿ ಬರೆದುಕೊಳ್ಳಿ. ಅವರ ಜೊತೆ ಕೂತು ಒಂದು ಮಾದರಿ ಕೋಟು ಹೊಲಿಯಿರಿ. ಅದನ್ನು ಹಿಡಿದುಕೊಂಡು, ಅವರನ್ನು ಮುಂದಿಟ್ಟುಕೊಂಡು, ನಗರಸಭೆ ಬಾಗಿಲಿಗೆ ಹೋಗೋಣ.