ಕೋಳಿಯ ಲಾಭದಿಂದ ಹುಟ್ಟಿದ ಚಿಂತಕರ ಚಾವಡಿ

2022ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಲಿಝ್ ಟ್ರಸ್ ಸರಕಾರವು ಸುಮಾರು 45 ಬಿಲಿಯನ್ ಪೌಂಡ್‌ಗಳ ತೆರಿಗೆ ಕಡಿತವನ್ನು ಘೋಷಿಸಿತು. ಆ ಕೊರತೆಯನ್ನು ತುಂಬುವುದು ಹೇಗೆಂದು ಹೇಳಲಿಲ್ಲ. ಮೂರೇ ದಿನಗಳಲ್ಲಿ ಡಾಲರಿನೆದುರು ಪೌಂಡ್ ದಾಖಲೆ ಮಟ್ಟಕ್ಕೆ ಕುಸಿಯಿತು, ಮನೆ ಸಾಲದ ಬಡ್ಡಿ ಏರಿತು. ಪ್ರಧಾನಿ ಹುದ್ದೆಯಲ್ಲಿ 50 ದಿನ ತುಂಬುವ ಮುನ್ನವೇ ಟ್ರಸ್ ನಿರ್ಗಮಿಸಬೇಕಾಯಿತು. ಈ ಮುಂಗಡ ಪತ್ರವನ್ನು ಬಹಿರಂಗವಾಗಿ ಸ್ವಾಗತಿಸಿದವರಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್‌ನ ಅಂದಿನ ಮುಖ್ಯಸ್ಥ ಮಾರ್ಕ್ ಲಿಟಲ್‌ವುಡ್ ಕೂಡಾ ಒಬ್ಬರು. ಆ ಸಂಸ್ಥೆಯ ಹಿಂದಿನ ಸಂವಹನ ಮುಖ್ಯಸ್ಥೆಯು ಟ್ರಸ್‌ರ ಕಚೇರಿಯ ಹಿರಿಯ ಹುದ್ದೆಯಲ್ಲಿದ್ದರು. ಮತದಾರರು ಎಂದೂ ಆರಿಸದ ಒಂದು ಸಂಸ್ಥೆಯು ಪ್ರಧಾನಿಯ ಮನೆ ಬಾಗಿಲಿಗೆ ಇಷ್ಟು ಹತ್ತಿರವಾದುದು ಹೇಗೆ?

ಇದರ ಮೂಲವಿರುವುದು ಕೋಳಿ ಸಾಕಣೆಯಲ್ಲಿ ಎಂದರೆ ಓದುಗರಿಗೆ ಅಚ್ಚರಿಯಾದೀತು. ಸ್ಥಾಪಕ ಆ್ಯಂಟನಿ ಫಿಶರ್ ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದವರು. ಅದೇ ಯುದ್ಧದಲ್ಲಿ ಸಹೋದರನನ್ನು ಕಳೆದುಕೊಂಡವರು. 1945ರಲ್ಲಿ ರೀಡರ್ಸ್ ಡೈಜೆಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್‌ರ 'ದ ರೋಡ್ ಟು ಸರ್ಫ್‌ಡಮ್' ಕೃತಿಯ ಸಂಗ್ರಹವನ್ನು ಓದಿದರು. ಸರಕಾರಿ ಯೋಜನೆಯ ಹಾದಿಯು ಗುಲಾಮಗಿರಿಗೆ ಕೊಂಡೊಯ್ಯುತ್ತದೆ ಎಂಬುದು ಅದರ ವಾದ. ಫಿಶರ್ ನೇರವಾಗಿ ಹಯೆಕ್‌ರನ್ನೇ ಭೇಟಿಯಾಗಿ, ತಾನು ರಾಜಕೀಯ ಪ್ರವೇಶಿಸಬೇಕೆಂದಿದ್ದೇನೆ ಎಂದರು. ಹಯೆಕ್ ಬೇಡವೆಂದರು. ಮೊದಲು ಅಧ್ಯಾಪಕರನ್ನೂ ಲೇಖಕರನ್ನೂ ಪತ್ರಕರ್ತರನ್ನೂ ಒಲಿಸಿಕೊಂಡರೆ ರಾಜಕಾರಣಿಗಳು ತಾವಾಗಿಯೇ ಹಿಂದೆ ಬರುತ್ತಾರೆ ಎಂಬುದು ಅವರ ಸಲಹೆಯ ತಾತ್ಪರ್ಯವಾಗಿತ್ತು.

ಅದಕ್ಕೆ ಹಣ ಬೇಕಿತ್ತು. 1952ರಲ್ಲಿ ಅಮೆರಿಕಕ್ಕೆ ಹೋದ ಫಿಶರ್ ಅಲ್ಲಿ ಬ್ರಾಯ್ಲರ್ ಕೋಳಿಗಳನ್ನು ಸಾಮೂಹಿಕವಾಗಿ ಸಾಕುವ ವಿಧಾನವನ್ನು ಕಂಡುಬಂದರು. ಅವರ 'ಬಕ್ಸ್‌ಟೆಡ್ ಚಿಕನ್ಸ್' ಕಂಪೆನಿಯು ಬ್ರಿಟನ್ನಿನಲ್ಲಿ ಶ್ರೀಮಂತರ ಊಟವಾಗಿದ್ದ ಕೋಳಿಯನ್ನು ಸಾಮಾನ್ಯರ ತಟ್ಟೆಗೆ ತಂದಿತು. ಇದು ನಿಜಕ್ಕೂ ಅವರ ಸಾಧನೆಯೇ. ಆ ಸಂಪತ್ತಿನ ಬಲದಿಂದ 1955ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1957ರಲ್ಲಿ ರಾಲ್ಫ್ ಹ್ಯಾರಿಸ್ ಅದರ ಚುಕ್ಕಾಣಿ ಹಿಡಿದರು. ಆರ್ಥರ್ ಸೆಲ್ಡನ್ ಪ್ರಕಟಣೆಗಳ ಹೊಣೆ ಹೊತ್ತರು. ಇಬ್ಬರೂ ಕಾರ್ಮಿಕ ಕುಟುಂಬಗಳಿಂದ ಬಂದವರೆಂಬುದು ಗಮನಾರ್ಹ. ಬಾಡಿಗೆ ನಿಯಂತ್ರಣ, ವಿದೇಶಿ ವಿನಿಮಯ ನಿರ್ಬಂಧ, ಸರಕಾರಿ ಶಾಲೆ, ಆಸ್ಪತ್ರೆ ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ಕಿರುಹೊತ್ತಗೆ. ಇಪ್ಪತ್ತು ವರ್ಷಗಳ ಕಾಲ ಅವರನ್ನು ಗಂಭೀರವಾಗಿ ಪರಿಗಣಿಸಿದವರು ಕಡಿಮೆ. ಆದರೆ 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಗೆದ್ದಾಗ ಅವರ ಕೈಗೆ ಬೇಕಾದ ವಾದಗಳೆಲ್ಲ ಅಚ್ಚಾಗಿ ಸಿದ್ಧವಿದ್ದವು. ವಿದೇಶಿ ವಿನಿಮಯ ನಿರ್ಬಂಧ ಅದೇ ವರ್ಷ ರದ್ದಾಯಿತು. 1984ರಲ್ಲಿ ದೂರವಾಣಿ, 1986ರಲ್ಲಿ ಅನಿಲ, 1989ರಲ್ಲಿ ಕುಡಿಯುವ ನೀರು ಖಾಸಗಿಯವರ ಪಾಲಾಯಿತು. ಹ್ಯಾರಿಸ್ ಲಾರ್ಡ್ ಆದರು.

ಈ ತಾಳ್ಮೆಯನ್ನು ನಾವು ಮೆಚ್ಚುತ್ತೇವೆ. ಇದೆಲ್ಲವೂ ಬಂಡವಾಳಶಾಹಿಗಳು ಹಣ ಕೊಟ್ಟು ಬರೆಸಿದ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಫಿಶರ್ ಮತ್ತು ಸೆಲ್ಡನ್ ತಾವು ಹೇಳಿದ್ದನ್ನು ಮನಃಪೂರ್ವಕವಾಗಿ ನಂಬಿದ್ದರು. ನಮ್ಮ ತಕರಾರು ಬೇರೆಯೇ ಇದೆ. ಸಂಸ್ಥೆಯ ಹುಟ್ಟಿನ ವೇಳೆಯಲ್ಲೇ ಸಹಸ್ಥಾಪಕ ಆಲಿವರ್ ಸ್ಮೆಡ್ಲಿ ಫಿಶರ್‌ಗೆ ಪತ್ರ ಬರೆದು, ಜನರನ್ನು ಒಂದು ನಿರ್ದಿಷ್ಟ ದಿಕ್ಕಿಗೆ ಒಯ್ಯುತ್ತಿದ್ದೇವೆಂಬ, ತಮಗೆ ರಾಜಕೀಯ ಒಲವಿದೆಯೆಂಬ ಸುಳಿವು ಎಲ್ಲೂ ಸಿಗಬಾರದೆಂದು ಎಚ್ಚರಿಸಿದ್ದರು. ಕಾರಣ ಸ್ಪಷ್ಟ. ಸಂಸ್ಥೆಯು ಶೈಕ್ಷಣಿಕ ಧರ್ಮಾರ್ಥ ಸಂಸ್ಥೆಯೆಂಬ ಸ್ಥಾನಮಾನ ಹೊಂದಿದ್ದು, ಅದಕ್ಕೆ ತೆರಿಗೆ ರಿಯಾಯಿತಿಯಿದೆ. ಬಡವನ ಸಬ್ಸಿಡಿಯನ್ನು ಖಂಡಿಸುವ ಹೊತ್ತಗೆಗಳಿಗೆ ಸರಕಾರವೇ ಪರೋಕ್ಷವಾಗಿ ಸಬ್ಸಿಡಿ ಕೊಡುತ್ತಿದೆ ಎಂದಾಯಿತಲ್ಲವೇ?

ದಾನಿಗಳ ಪಟ್ಟಿಯನ್ನು ಪ್ರಕಟಿಸದಿರುವುದು ಈ ಸಂಸ್ಥೆಯ ದೀರ್ಘಕಾಲದ ಧೋರಣೆ. ದಾನಿಗಳ ಖಾಸಗಿತನವನ್ನು ಗೌರವಿಸುತ್ತೇವೆ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಆದರೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪೆನಿಯಿಂದ ಅದಕ್ಕೆ ದಶಕಗಳ ಕಾಲ ಹಣ ಬಂದಿರುವುದನ್ನು ಅಲ್ಲಿನ ಪತ್ರಿಕೆಗಳು ಬಯಲಿಗೆ ತಂದಿವೆ. ಸಿಗರೇಟು ಪೊಟ್ಟಣದಿಂದ ಕಂಪೆನಿಯ ಬಣ್ಣ, ಲಾಂಛನಗಳನ್ನು ತೆಗೆಯಬೇಕೆಂಬ ಕಾನೂನನ್ನು ಇದೇ ಸಂಸ್ಥೆ ವ್ಯಕ್ತಿಸ್ವಾತಂತ್ರ್ಯದ ಹೆಸರಲ್ಲಿ ಬಲವಾಗಿ ವಿರೋಧಿಸಿತ್ತು. ಆ ವಾದ ಪ್ರಾಮಾಣಿಕವೇ ಇದ್ದಿರಬಹುದು. ಆದರೆ ಅದನ್ನು ಓದಿದ ತಂದೆಯೊಬ್ಬನಿಗೆ, ಬರೆದವರ ಖರ್ಚಿನ ಒಂದು ಪಾಲು ತಂಬಾಕಿನಿಂದ ಬಂದಿದೆಯೆಂದು ತಿಳಿಯುವ ಹಕ್ಕಿರಲಿಲ್ಲವೇ? ಮಾರುಕಟ್ಟೆಯು ಸರಿಯಾಗಿ ನಡೆಯಬೇಕಾದರೆ ಕೊಳ್ಳುವವನಿಗೆ ಸಂಪೂರ್ಣ ಮಾಹಿತಿ ಇರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠವಷ್ಟೆ.

ಫಿಶರ್ ಅಲ್ಲಿಗೇ ನಿಲ್ಲಲಿಲ್ಲ. 1981ರಲ್ಲಿ ಅಮೆರಿಕದಲ್ಲಿ ಅಟ್ಲಾಸ್ ಎಂಬ ಸಂಸ್ಥೆ ಕಟ್ಟಿ, ಇದೇ ಮಾದರಿಯನ್ನು ದೇಶದೇಶಗಳಿಗೆ ಹರಡಿದರು. ಅಟ್ಲಾಸ್‌ನ ಅಧ್ಯಕ್ಷರಾಗಿದ್ದ ಜಾನ್ ಬ್ಲಂಡೆಲ್ 1993ರಲ್ಲಿ ಲಂಡನ್ ಸಂಸ್ಥೆಯ ಮುಖ್ಯಸ್ಥರಾದರು. 1997ರಲ್ಲಿ ಪಾರ್ಥ ಷಾ ದಿಲ್ಲಿಯಲ್ಲಿ ಆರಂಭಿಸಿದ, ಶಾಲೆಗೆ ಬದಲು ಪೋಷಕರ ಕೈಗೆ ವೋಚರ್ ಕೊಡಬೇಕೆಂದು ವಾದಿಸುವ ಸೆಂಟರ್ ಫಾರ್ ಸಿವಿಲ್ ಸೊಸೈಟಿಯೂ ಅಟ್ಲಾಸ್ ಬಳಗಕ್ಕೆ ಸೇರಿದ್ದು.

ಈ ವಿಚಾರಧಾರೆಗೆ ನಮ್ಮ ಕರಾವಳಿಯ ನಂಟೂ ಇದೆ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ, 1955ರಲ್ಲಿ ದ್ವಿತೀಯ ಪಂಚವಾರ್ಷಿಕ ಯೋಜನೆಗೆ ಭಿನ್ನಮತದ ಟಿಪ್ಪಣಿ ಬರೆದ ಅರ್ಥಶಾಸ್ತ್ರಜ್ಞ. ಅವರ ಮಗಳು ಸುಧಾ ಶೆಣೈ ಸಂಕಲಿಸಿದ ಹಯೆಕ್ ಬರಹಗಳನ್ನು 1972ರಲ್ಲಿ ಲಂಡನ್ನಿನ ಇದೇ ಸಂಸ್ಥೆ ಪ್ರಕಟಿಸಿತು. ಶೆಣೈಯವರ ಮಾರುಕಟ್ಟೆ ನಿಷ್ಠೆಯನ್ನು ನಾವು ಒಪ್ಪುವುದಿಲ್ಲ. ಆದರೆ ನೆಹರೂ ಯುಗದಲ್ಲಿ, ತಜ್ಞರ ಇಡೀ ಮಂಡಳಿಯ ವಿರುದ್ಧ ಒಬ್ಬಂಟಿಯಾಗಿ, ಸ್ವಂತ ಹೆಸರು ಹಾಕಿ ಅವರು ಬರೆದರು. ಅದು ಸರಕಾರಿ ದಾಖಲೆಯಲ್ಲಿದೆ. ಯಾರೂ ಓದಬಹುದು, ಖಂಡಿಸಬಹುದು.

ಕನ್ನಡ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಇಂದು ನೀರು, ವಿದ್ಯುತ್, ಶಾಲೆಗಳ ಖಾಸಗೀಕರಣದ ಬಗ್ಗೆ 'ಸಂಶೋಧನಾ ಸಂಸ್ಥೆ'ಗಳ ತಜ್ಞರು ಅಭಿಪ್ರಾಯ ಮಂಡಿಸುವಾಗ ನಾವು ಕೇಳುವುದು ಇಷ್ಟೇ. ಎಡವಾಗಲಿ ಬಲವಾಗಲಿ, ಧಾರ್ಮಿಕವಾಗಲಿ ಅಲ್ಲದಿರಲಿ, ಹೆಸರಿನ ಕೆಳಗೆ ಆ ಸಂಸ್ಥೆಯ ಪ್ರಮುಖ ದಾನಿಗಳು ಯಾರೆಂದೂ ಸಂಪಾದಕರು ನಮೂದಿಸಲಿ. ಸಂಸ್ಥೆ ತಿಳಿಸಲು ಒಪ್ಪದಿದ್ದರೆ, ಒಪ್ಪಲಿಲ್ಲವೆಂದು ಬರೆಯಲಿ. ಎರಡು ಸಾಲಿನ ಜಾಗ ಸಾಕು.